ಮುಂಬೈ, ಪುಣೆ, ಗೋವಾದಲ್ಲಿ ಗೆಣಸು ಯಾವಾಗ ನೆಡೋದು? ಸಂಕ್ರಾಂತಿಯಿಂದ ಹಿಂದಕ್ಕೆ ಎಣಿಸಿ

ಮೊದಲನೇ ಸಲ ನಾನು ಗೆಣಸು ಹಾಕಿದ್ದು ಜೂನ್ ಮಧ್ಯದಲ್ಲಿ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಹಿಂದೆ ಕಾಂಪೌಂಡ್ ಗೋಡೆಗೆ ಅಂಟ್ಕೊಂಡು ಉದ್ದಕ್ಕೆ ಒಂದು ಪಟ್ಟಿ ಮಣ್ಣಿದೆ, ಅದನ್ನ ಅಗೆದು ಮೂರು ಚೀಲ ಸಗಣಿ ಗೊಬ್ಬರ ಸುರಿದು, ಮಳೆ ಶುರು ಆಯ್ತಲ್ಲ ಇನ್ನು ನೀರು ಹಾಕೋ ತಲೆನೋವಿಲ್ಲ ಅಂತ ಖುಷಿಯಾಗಿ ಬಳ್ಳಿ ಚುಚ್ಚಿ ಬಂದೆ. ಬಳ್ಳಿ ಬಂದ ಪರಿ ನೋಡ್ಬೇಕಿತ್ತು ನೀವು, ಆಗಸ್ಟ್ ಹೊತ್ತಿಗೆ ಸ್ಕೂಟರ್ ನಿಲ್ಸೋ ಜಾಗದವರೆಗೂ ಹಬ್ಬಿ ವಾಚ್‌ಮನ್ ಹತ್ರ ಬೈಸ್ಕೊಂಡೆ. ಸೆಪ್ಟೆಂಬರ್ ಕೊನೇಲಿ ಖಾನಾಪುರ ಕಡೆಯಿಂದ ನಮ್ಮತ್ತೆ ಬಂದಿದ್ರು, ಅವರ ಕಡೆ ಗೆಣಸು ಅಂದ್ರೆ ಹೊಲದ ಬೆಳೆ, ಬೆಳಗಾವಿ ಎಪಿಎಂಸಿಗೆ ಚೀಲಗಟ್ಟಲೆ ಹೋಗುತ್ತೆ. ಒಂದು ಬುಡ ಕೈಯಲ್ಲೇ ಕೆದಕಿ ನೋಡಿ "ಬಳ್ಳಿ ಭಾಳ ಚಲೋ ಬಂದಾವ್ರಿ, ಗೆಣಸು ಎಲ್ಲದಾವ?" ಅಂದ್ರು. ಒಳಗಿದ್ದಿದ್ದು ಪೆನ್ಸಿಲ್ ದಪ್ಪದ ನಾರುಬೇರು, ಹೆಬ್ಬೆರಳಷ್ಟು ದಪ್ಪ ಆಗಿದ್ದ ಎರಡೇ ಎರಡು ಗೆಡ್ಡೆ, ಅವೂ ಅರ್ಧ ಕೊಳೆತು ಚರಂಡಿ ವಾಸನೆ ಹೊಡೀತಿದ್ವು.

ಆಮೇಲೆ ಇದರ ಹಿಂದೆ ಬಿದ್ದು ಮೂರ್ನಾಲ್ಕು ವರ್ಷ ಮಾಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ, ಮುಂಬೈ ಪುಣೆ ಗೋವಾದಲ್ಲಿರೋ ನಮ್ಮವರಿಗೆ ಉಪಯೋಗ ಆಗ್ಲಿ ಅಂತ.

ನೆಟ್ಟಲ್ಲಿ ಹುಡುಕಿದ್ರೆ ಗೆಣಸಿನ ಬಗ್ಗೆ ಸಿಗೋದೆಲ್ಲ ಚಳಿ ದೇಶದವರು ಬರೆದಿದ್ದು, ಕೊನೇ ಹಿಮ ಬಿದ್ದು ಎರಡು ಮೂರು ವಾರ ಆದ್ಮೇಲೆ ನೆಡಿ ಅಂತಾರೆ. ಡೊಂಬಿವಲಿಯಲ್ಲಿ ಎಲ್ಲಿ ಸ್ವಾಮಿ ಹಿಮ? ಅವರಿಗೆ ವರ್ಷದಲ್ಲಿ ಬೆಚ್ಚಗಿರೋದೇ ನಾಲ್ಕೈದು ತಿಂಗಳು, ಅಷ್ಟರೊಳಗೆ ಬೆಳೆ ಮುಗೀಬೇಕು, ಅದಕ್ಕೇ ಆ ಲೆಕ್ಕ. ಗೆಣಸಿಗೆ 21ರಿಂದ 27 ಡಿಗ್ರಿ ಹಿತ, ಅದಕ್ಕಿಂತ ಸ್ವಲ್ಪ ಜಾಸ್ತಿ ಆದ್ರೂ ಬದುಕುತ್ತೆ, ಅಂದ್ರೆ ಮುಂಬೈಯಲ್ಲಿ ಬಿಸಿಲು ಚಳಿ ನೋಡಿ ಹೇಳೋದಾದ್ರೆ ವರ್ಷಪೂರ್ತಿ ನೆಡಬಹುದು. ಇಲ್ಲಿ ಅದನ್ನ ಕೆಡಿಸೋದು ನೀರು. ಜುಲೈಯಲ್ಲಿ ಅತಿ ನೀರು, ಏಪ್ರಿಲ್‌ನಲ್ಲಿ ನೀರೇ ಇಲ್ಲ, ಇವೆರಡರ ಮಧ್ಯೆ ಗೆಣಸಿಗೆ ಒಂದು ದಾರಿ ಮಾಡ್ಕೊಡೋದೇ ನಮ್ಮ ಕೆಲಸ.

ಯಾಕೆ ಅಂತ ಸ್ವಲ್ಪ ಹೇಳ್ತೀನಿ, ಇದು ಅರ್ಥ ಆದ್ರೆ ತಾರೀಖು ನೀವೇ ಹಾಕ್ಕೋಬಹುದು. ಬಳ್ಳಿ ನೆಟ್ಟು ಮೊದಲ ನಾಲ್ಕರಿಂದ ಆರು ವಾರದಲ್ಲೇ ಯಾವ ಬೇರು ಗೆಡ್ಡೆ ಆಗುತ್ತೆ ಯಾವುದು ಬರೀ ನಾರು ಆಗುತ್ತೆ ಅನ್ನೋದು ಹೆಚ್ಚುಕಮ್ಮಿ ತೀರ್ಮಾನ ಆಗಿಬಿಡುತ್ತೆ. ಆ ಹೊತ್ತಲ್ಲಿ ಮಣ್ಣೊಳಗೆ ಗಾಳಿ ಆಡ್ಬೇಕು, ನೀರು ನಿಂತು ಕೆಸರಾದ್ರೆ ಬೇರು ಗಟ್ಟಿಯಾಗಿ ಕಟ್ಟಿಗೆ ಥರ ಆಗಿ ಆಮೇಲೆ ನೀವು ಎಷ್ಟೇ ಉಪಚಾರ ಮಾಡಿದ್ರೂ ದಪ್ಪ ಆಗೋದಿಲ್ಲ. ಜೊತೆಗೆ ಮೋಡ ಕವಿದು ವಾರಗಟ್ಟಲೆ ಸೂರ್ಯನ ಮುಖ ಕಾಣ್ದೆ ಇದ್ರೆ ಎಲೆ ಸಕ್ಕರೆ ಮಾಡೋದಾದ್ರೂ ಹೇಗೆ, ಅದರ ಮೇಲೆ ನಾನು ಸುರಿದ ಮೂರು ಚೀಲ ಗೊಬ್ಬರ ಬೇರೆ, ಸಾರಜನಕ ಜಾಸ್ತಿ ಆದ್ರೆ ಗಿಡಕ್ಕೆ ಕೆಳಗಡೆ ಕೆಲಸ ಮಾಡೋ ಮನಸ್ಸೇ ಬರಲ್ಲ, ಮೇಲೇ ಮೆರೀತಾ ಇರುತ್ತೆ. ಇನ್ನೊಂದು ವಿಷ್ಯ, ಹಗಲು ಚಿಕ್ಕದಾದಷ್ಟೂ ಗೆಣಸು ಗೆಡ್ಡೆ ಕಟ್ಟೋ ಕಡೆ ವಾಲುತ್ತೆ, ಮುಂಬೈಯಲ್ಲಿ ಜೂನ್ ಹಗಲು 13 ಗಂಟೆ ಮೇಲಿದ್ರೆ ಡಿಸೆಂಬರ್‌ದು ಸುಮಾರು 11 ಗಂಟೆ. ಅಂದ್ರೆ ಜೂನ್‌ನಲ್ಲಿ ನಾನು ಎಲ್ಲಾ ಲೆಕ್ಕದಲ್ಲೂ ತಪ್ಪು ಮಾಡಿದ್ದೆ.

ಈಗ ಎಣಿಕೆ. ನಮ್ಮಲ್ಲಿ ಸಿಗೋ ಗೆಣಸಿನ ತಳಿಗಳು ಸಾಮಾನ್ಯವಾಗಿ 90ರಿಂದ 120 ದಿನದಲ್ಲಿ ಕೀಳೋಕೆ ಬರುತ್ತವೆ. ಕಿತ್ತ ಮೇಲೆ ಒಂದು ವಾರ ನೆರಳಲ್ಲಿ ಬಿಟ್ರೆ ಸಿಹಿ ಏರುತ್ತೆ, ಆ ವಾರವನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ನಮ್ಮ ತುಮಕೂರು ಕಡೆ ಸಂಕ್ರಾಂತಿ ಅಂದ್ರೆ ಗೆಣಸು, ಅವರೆಕಾಯಿ, ಕಡಲೆಕಾಯಿ ಬೇಯಿಸಿ ಕಬ್ಬಿನ ಜೊತೆ ಇಡಲೇಬೇಕು, ನನಗೆ ಆ ಬುಟ್ಟಿಗೆ ನಾನೇ ಬೆಳೆದ ಗೆಣಸು ಬೇಕಿತ್ತು. ಸಂಕ್ರಾಂತಿ ಜನವರಿ 14 ಅಥವಾ 15, ವಾರ ಮುಂಚೆ ಅಂದ್ರೆ ಜನವರಿ 7ಕ್ಕೆ ಕೀಳ್ಬೇಕು, ಅಲ್ಲಿಂದ 116 ದಿನ ಹಿಂದಕ್ಕೆ ಹೋದ್ರೆ ಸೆಪ್ಟೆಂಬರ್ 13. ಇದನ್ನ ಫೋನಲ್ಲಿ ಹೇಳಿದ್ರೆ ನಮ್ಮಪ್ಪ ಕ್ಯಾಲೆಂಡರ್ ಕೂಡ ನೋಡ್ದೆ "ಉತ್ತರೆ ಮಳೆಗೆ ಹಾಕು ಅನ್ನು, ಅದಕ್ಯಾಕೆ ಇಷ್ಟು ಲೆಕ್ಕ" ಅಂದ್ರು.

ಅವರು ಹೇಳಿದ್ದು ಸರಿ, ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಹೆಚ್ಚು ಅಂದ್ರೆ ಒಂದು ದಿನ ಆಚೀಚೆ ಆಗುತ್ತೆ ಅಷ್ಟೇ, ಉತ್ತರೆ ಸೆಪ್ಟೆಂಬರ್ 13ರ ಸುಮಾರಿಗೆ, ಹಸ್ತ 27ಕ್ಕೆ, ಚಿತ್ತೆ ಅಕ್ಟೋಬರ್ 10ಕ್ಕೆ, ಸ್ವಾತಿ 23, 24ಕ್ಕೆ. ಮುಂಬೈ ಪುಣೆಯಲ್ಲಿ ಎಲ್ಲರೂ ಗಣಪತಿ ಹಿಡಿದು ಲೆಕ್ಕ ಹೇಳ್ತಾರೆ, ಗಣಪತಿಗೆ ನೆಟ್ಟೆ ಗಣಪತಿ ಆದ್ಮೇಲೆ ನೆಟ್ಟೆ ಅಂತ, ಆದ್ರೆ ಚೌತಿ 2023ರಲ್ಲಿ ಸೆಪ್ಟೆಂಬರ್ 19ಕ್ಕೆ ಬಂದಿತ್ತು 2025ರಲ್ಲಿ ಆಗಸ್ಟ್ 27ಕ್ಕೇ ಬಂತು, ಮೂರು ವಾರದ ಮೇಲೆ ವ್ಯತ್ಯಾಸ, ಆಗಸ್ಟ್ ಕೊನೇಲಿ ಮುಂಬೈಯಲ್ಲಿ ಇನ್ನೂ ಧೋ ಅಂತ ಹುಯ್ತಿರುತ್ತೆ. ಹಬ್ಬ ನೋಡಿ ಕೀಳಿ, ನೆಡೋದು ಮಾತ್ರ ಮಳೆ ನಕ್ಷತ್ರ ನೋಡಿ ನೆಡಿ.

ಮುಂಬೈ, ಠಾಣೆ, ಕಲ್ಯಾಣ್ ಕಡೆಗೆ ನನ್ನ ಪ್ರಕಾರ ಒಳ್ಳೇ ಕಾಲ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಕೊನೆವರೆಗೆ. ಮುಂಬೈಯಿಂದ ಮುಂಗಾರು ಹಿಂದೆ ಸರಿಯೋ ವಾಡಿಕೆ ತಾರೀಖು ಅಕ್ಟೋಬರ್ 8, ಹಾಗಾಗಿ ಉತ್ತರೆಗೆ ನೆಟ್ರೆ ಕೊನೇ ಮೂರು ವಾರದ ಮಳೆ ಬಳ್ಳಿ ಬೇರು ಬಿಡೋಕೆ ಸಹಾಯ ಆಗುತ್ತೆ, ಗೆಡ್ಡೆ ದಪ್ಪ ಆಗೋ ಹೊತ್ತಿಗೆ ನವೆಂಬರ್ ಬಿಸಿಲು ಸಿಗುತ್ತೆ. ಆದ್ರೆ ನೆಲದಲ್ಲಿ ನೆಡೋರು ಬೋದು, ಅಂದ್ರೆ ಸಾಲಾಗಿ ಮಾಡೋ ಮಣ್ಣಿನ ಏರಿ, ಎತ್ತರಕ್ಕೆ ಏರ್ಸಲೇಬೇಕು, ಒಂದಡಿ ಎತ್ತರ, ಇಲ್ಲಾಂದ್ರೆ ಹಸ್ತದಲ್ಲಿ ಒಂದು ದೊಡ್ಡ ಮಳೆ ಬಂದ್ರೂ ನನ್ನ ಜೂನ್ ಕಥೆನೇ ಮತ್ತೆ. ಶಿವರಾತ್ರಿ ಉಪವಾಸಕ್ಕೆ ಬೇಕು ಅನ್ನೋರು ಚಿತ್ತೆ ಸ್ವಾತಿಗೆ ನೆಡಿ. ಶಿವರಾತ್ರಿ ಹಿಂದೆ ಮುಂದೆ ಓಡಾಡುತ್ತೆ, 2025ರಲ್ಲಿ ಫೆಬ್ರವರಿ 26ಕ್ಕಿತ್ತು, 2026ರಲ್ಲಿ ಫೆಬ್ರವರಿ 15, ಆ ವರ್ಷದ ತಾರೀಖು ನೋಡ್ಕೊಂಡು ನಾಲ್ಕು ತಿಂಗಳು ಮತ್ತೊಂದು ವಾರ ಹಿಂದಕ್ಕೆ ಹೋಗಿ.

ಜನವರಿ ಕೊನೆ ಫೆಬ್ರವರಿಯಲ್ಲೂ ನೆಡಬಹುದು, ಮೇ ಕೊನೆಗೆ ಮಳೆ ಬರೋ ಮುಂಚೆ ಕೀಳೋ ಹಾಗೆ. ನಾನು ಒಂದು ವರ್ಷ ಮಾಡಿದೀನಿ, ಮತ್ತೆ ಮಾಡಲ್ಲ. ಟೆರೇಸ್ ಮೇಲೆ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎರಡು ಹೊತ್ತು ನೀರು ಬೇಕು, ಸೊಸೈಟಿಯಲ್ಲಿ ಟ್ಯಾಂಕರ್ ತರ್ಸೋ ಟೈಮಲ್ಲಿ ನೀವು ಗೆಣಸಿಗೆ ಪೈಪ್ ಹಿಡಿದು ನಿಂತ್ರೆ ಸೆಕ್ರೆಟರಿ ಮುಖ ನೋಡೋಕಾಗಲ್ಲ. ಮಣ್ಣು ಒಣಗಿ ಬಿರುಕು ಬಿಟ್ರೆ ಮೂತಿ ಹುಳ ಬರುತ್ತೆ, ಅದನ್ನ ಮುಂದೆ ಹೇಳ್ತೀನಿ.

ಪುಣೆ ಲೆಕ್ಕ ಬೇರೆ. ಮುಂಬೈಯಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಆದ್ರೆ ಪುಣೆ ಊರಲ್ಲಿ 700ರ ಆಸುಪಾಸು, ಘಟ್ಟದ ಮರೆ ಅದು. ಹಾಗಾಗಿ ಅಲ್ಲಿ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ, ಮೃಗಶಿರ ಆರಿದ್ರೆ ಪುನರ್ವಸು ಮಳೆಗೆ ಹಾಕಿದ್ರೂ ನಡೆಯುತ್ತೆ, ನೀರು ಬಸಿದು ಹೋಗೋ ಕೆಂಪು ಮಣ್ಣು ಅಥವಾ ಮುರಂ (ಗರಸು ಮಣ್ಣು) ಮಿಕ್ಸ್ ಇದ್ರೆ. ಕರೀ ಮಣ್ಣಿದ್ರೆ ಹುಷಾರು, ಅದು ನೀರು ಬಿಡೋದಿಲ್ಲ, ಒಣಗಿದ್ರೆ ಕಲ್ಲು, ಗೆಣಸು ಸೊಟ್ಟಸೊಟ್ಟ ಬರುತ್ತೆ. ನನ್ನ ಭಾವಮೈದ ಧಾಯರಿ ಕಡೆ ಅರ್ಧ ಗುಂಟೆ ಜಾಗದಲ್ಲಿ ಜುಲೈ ಮೊದಲ ವಾರ ನೆಟ್ಟು ದೀಪಾವಳಿ ಆಸುಪಾಸಿಗೆ ಕೀಳ್ತಾನೆ, ಬೆಳಗಾವಿಯವನಲ್ವಾ, ಅವನಿಗೆ ಊರಿನ ಮುಂಗಾರು ಲೆಕ್ಕನೇ ಅಲ್ಲೂ ಸರಿಹೋಗುತ್ತೆ. ಸೆಪ್ಟೆಂಬರ್‌ನಲ್ಲೂ ಹಾಕಬಹುದು ಆದ್ರೆ ಅಕ್ಟೋಬರ್ ಮಧ್ಯ ದಾಟಿಸ್ಬೇಡಿ. ಪುಣೆಯಲ್ಲಿ ಡಿಸೆಂಬರ್ ಜನವರಿ ರಾತ್ರಿ 10 ಡಿಗ್ರಿಗೂ ಇಳಿಯೋದುಂಟು, ಗಿಡ ಸಾಯಲ್ಲ ಆದ್ರೆ ಮುದುಡಿಕೊಂಡು ಕೂತುಬಿಡುತ್ತೆ, ಒಂದು ಸಲ ನವೆಂಬರ್‌ಗೆ ಹಾಕಿ ಐದು ತಿಂಗಳು ಕಾದಿದ್ದ ಪಾಪ. ಮುಂಬೈಯಲ್ಲಿ ಈ ತೊಂದರೆ ಇಲ್ಲ, ನಮ್ಮ ಚಳಿ ಅಂದ್ರೆ ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡೋದು ಅಷ್ಟೇ.

ಗೋವಾದಲ್ಲಿ ಮಳೆ ಮುಂಬೈಗಿಂತಲೂ ಜಾಸ್ತಿ, 3000 ಮಿಲಿಮೀಟರ್ ಹತ್ರ ಹೋಗುತ್ತೆ, ಆದ್ರೆ ಗುಡ್ಡದ ಜಂಬಿಟ್ಟಿಗೆ ಮಣ್ಣಲ್ಲಿ ನೀರು ನಿಲ್ಲಲ್ಲ. ಇಳಿಜಾರಿದ್ರೆ ಸೆಪ್ಟೆಂಬರ್ ಕೊನೆಗೆ ನೆಡಿ, ಗದ್ದೆ ಇದ್ರೆ ಭತ್ತ ಕೊಯ್ದ ಮೇಲೆ ಅಕ್ಟೋಬರ್ ಕೊನೆ ನವೆಂಬರ್‌ನಲ್ಲಿ ಉಳಿದ ತೇವದ ಮೇಲೇ ಬೋದು ಎಬ್ಬಿಸಿ ನೆಡಿ. ಹೊಳೆಗೆ ಉಪ್ಪು ನೀರು ಏರೋ ಕಡೆ, ಖಜಾನ್ ಗದ್ದೆ ಅಂತಾರಲ್ಲ, ಅಲ್ಲಿ ಬೇಡ, ಗೆಣಸಿಗೆ ಉಪ್ಪು ಆಗಿಬರಲ್ಲ, ವಾಸ್ಕೋದಲ್ಲಿರೋ ನಮ್ಮ ಗದಗಿನ ಫ್ರೆಂಡ್ ಬಾವಿ ನೀರು ಸವಳು ಅಂತ ಗೊತ್ತಾಗ್ದೆ ಹಾಕಿ ಎಲೆ ಅಂಚೆಲ್ಲ ಸುಟ್ಕೊಂಡಿದ್ದ. ಅಂದ ಹಾಗೆ ಮುಂಬೈ ಗೋವಾದಲ್ಲಿ ಆಲೂಗಡ್ಡೆಗೆ ಬಟಾಟಾ ಅಂತಾರಲ್ಲ, ಆ ಹೆಸರು ಮೂಲದಲ್ಲಿ ಗೆಣಸಿಂದು, ಕೆರಿಬಿಯನ್ ದ್ವೀಪದ ಜನರ ಮಾತು, ಪೋರ್ಚುಗೀಸರ ಬಾಯಿಂದ ಇಲ್ಲಿಗೆ ಬಂತು. ಗೆಣಸಿನ ಶಾಸ್ತ್ರೀಯ ಹೆಸರು ಈಗಲೂ ಐಪೋಮಿಯಾ ಬಟಾಟಾಸ್. ಹೆಸರು ಆಲೂಗಡ್ಡೆ ಹೊಡ್ಕೊಂಡು ಹೋಯ್ತು, ಗೆಣಸು ಮರಾಠಿಯಲ್ಲಿ ರತಾಳೆ ಆಗಿ ಉಪವಾಸಕ್ಕೆ ಸೀಮಿತ ಆಯ್ತು. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ, ಗೆಣಸು ನಮ್ಮ ಬೇಲಿ ಮೇಲೆ ನೀಲಿ ಹೂ ಬಿಡೋ ಮಾರ್ನಿಂಗ್ ಗ್ಲೋರಿ ಕುಟುಂಬದ್ದು.

ಸೆಪ್ಟೆಂಬರ್‌ಗೆ ನೆಡ್ಬೇಕು ಅಂದ್ರೆ ಬಳ್ಳಿ ಬೇಕಲ್ಲ, ಅದು ನರ್ಸರಿಯಲ್ಲಿ ಸಿಗೋದು ಕಷ್ಟ, ನಾನು ಕೇಳಿದ ಕಡೆ ಎಲ್ಲ ಚಿನ್ನದ ಬಣ್ಣದ ಎಲೆಯ ಅಲಂಕಾರದ ಬಳ್ಳಿ ತೋರಿಸಿದ್ರು, ಅದನ್ನ ಬೆಳೆಸೋದು ಎಲೆ ಚೆಂದಕ್ಕೆ, ತಿನ್ನೋ ಗೆಣಸಿಗೆ ಅದನ್ನ ನೆಚ್ಕೋಬೇಡಿ. ಸುಲಭದ ದಾರಿ ಆಷಾಢಿ ಏಕಾದಶಿ. ಜೂನ್ ಕೊನೆ ಜುಲೈಯಲ್ಲಿ ಏಕಾದಶಿ ಮುಂಚಿನ ಎರಡು ದಿನ ಮುಂಬೈ ಪುಣೆ ಮಾರ್ಕೆಟ್ಟಲ್ಲಿ ರತಾಳೆ ರಾಶಿ ರಾಶಿ ಬರುತ್ತೆ, ತಿನ್ನೋಕೆ ತರುವಾಗ ಎರಡು ಗೆಡ್ಡೆ ಎತ್ತಿಡಿ. ಮಧ್ಯಮ ಗಾತ್ರದ್ದು, ತೂತು ಇಲ್ಲದ್ದು, ಬಳ್ಳಿ ಕಡೆ ತುದಿಯಲ್ಲಿ ಸಣ್ಣ ಸಣ್ಣ ಕಣ್ಣು ಉಬ್ಬಿದ್ರೆ ಇನ್ನೂ ಒಳ್ಳೇದು. ಫ್ರಿಜ್ಜಲ್ಲಿ ಇಟ್ಟಿದ್ದು ಬೇಡ. ಅಗಲ ಬಾಯಿ ಕುಂಡದಲ್ಲೋ ಹಳೇ ಟಬ್ಬಲ್ಲೋ ಮರಳು ಮತ್ತೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಗೆಡ್ಡೆನ ಮಲಗಿಸಿ, ಬೆನ್ನು ಸ್ವಲ್ಪ ಹೊರಗೆ ಕಾಣೋ ಹಾಗೆ ಮುಚ್ಚಿ. ಮಳೆ ಹೊಡೆಯದ ಬಾಲ್ಕನಿಯಲ್ಲಿ ಇಡಿ, ನೀರು ಚಿಮುಕಿಸಿದ್ರೆ ಸಾಕು, ಜಾಸ್ತಿ ಆದ್ರೆ ಕೊಳೆಯುತ್ತೆ. ಚಿಗುರು ಬಂದು ಕತ್ತರಿಸೋ ಅಷ್ಟು ಉದ್ದ ಆಗೋಕೆ ಆರೇಳು ವಾರ ಹಿಡಿಯುತ್ತೆ, ಸರಿಯಾಗಿ ಉತ್ತರೆ ಮಳೆಗೆ ಕೈಗೆ ಬರುತ್ತೆ. ಒಂದು ಗೆಡ್ಡೆಯಿಂದ ನನಗೆ ಎಂಟು ಹತ್ತು ತುಂಡು ಸಿಕ್ಕಿದೆ. ಗಾಜಿನ ಲೋಟದಲ್ಲಿ ಕಡ್ಡಿ ಚುಚ್ಚಿ ನೀರಲ್ಲಿ ನಿಲ್ಲಿಸೋ ವಿಡಿಯೋ ನೋಡಿರ್ತೀರಿ, ಅದು ಮಕ್ಕಳಿಗೆ ತೋರಿಸೋಕೆ ಚೆಂದ, ಚಿಗುರೂ ಬರುತ್ತೆ, ಆದ್ರೆ ಮಣ್ಣಲ್ಲಿ ಬಂದ ಚಿಗುರಿನ ಗಟ್ಟಿತನ ಅದಕ್ಕಿಲ್ಲ.

ತಳಿ ಹುಡುಕೋ ಹುಮ್ಮಸ್ಸು ಇರೋರಿಗೆ: ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ಕೊಂಕಣ ಅಶ್ವಿನಿ ಈ ಕಡೆಗೇ ಅಂತ ಮಾಡಿದ ತಳಿ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆ ಸಂಶೋಧನಾ ಸಂಸ್ಥೆಯವರ ಭೂ ಸೋನಾ ಒಳಗೆ ಕಿತ್ತಳೆ ಬಣ್ಣ, ಭೂ ಕೃಷ್ಣ ನೇರಳೆ. ಕಿತ್ತಳೆ ಬಣ್ಣದ್ದು ನೋಡೋಕೆ ಚೆಂದ, ಎ ವಿಟಮಿನ್ ಆಗೋ ಬೀಟಾ ಕ್ಯಾರೋಟಿನ್ ಭರ್ತಿ ಇದೆ, ಆದ್ರೆ ಬೇಯಿಸಿದ್ರೆ ಮೆತ್ತಗಾಗುತ್ತೆ, ನನಗೆ ನಮ್ಮೂರ ಹಿಟ್ಟುಹಿಟ್ಟಾದ ಬಿಳೀ ಗೆಣಸೇ ಇಷ್ಟ.

ತುಂಡು ಕತ್ತರಿಸೋದು ಹೀಗೆ: ಬಳ್ಳಿ ತುದಿ ಕಡೆಯಿಂದ ಒಂದು ಗೇಣು ಅಥವಾ ಸ್ವಲ್ಪ ಜಾಸ್ತಿ ಉದ್ದ, ನಾಲ್ಕೈದು ಗೆಣ್ಣು ಇರ್ಬೇಕು. ಬುಡದ ಕಡೆ ಬಲಿತ ಬಳ್ಳಿಗಿಂತ ತುದಿ ತುಂಡೇ ಬೇಗ ಹತ್ತುತ್ತೆ, ಹುಳದ ಮೊಟ್ಟೆ ಇರೋ ಸಾಧ್ಯತೆನೂ ಕಮ್ಮಿ. ಮಣ್ಣಿಂದ ಒಂದು ಇಂಚು ಮೇಲಕ್ಕೇ ಕತ್ತರಿಸಿ. ಕತ್ತರಿಸಿದ ತಕ್ಷಣ ನೆಡ್ಬೇಡಿ, ಎಲೆ ಸಮೇತ ಕಟ್ಟು ಮಾಡಿ ಎರಡು ದಿನ ನೆರಳಲ್ಲಿ ಒದ್ದೆ ಬಟ್ಟೆ ಸುತ್ತಿ ಇಡಿ, ಗೆಣ್ಣಲ್ಲಿ ಬಿಳೀ ಬೇರಿನ ಮೊಳಕೆ ಇಣುಕುತ್ತೆ, ಆಗ ನೆಟ್ರೆ ಒಂದೂ ಸೋಲಲ್ಲ. ಇದನ್ನ ನಮ್ಮತ್ತೆ ಹೇಳಿಕೊಟ್ಟಿದ್ದು, ಎಲೆ ಬಾಡಿದ್ದು ನೋಡಿ ನಾನು ಸತ್ತೇ ಹೋಯ್ತು ಅಂತ ಬಿಸಾಕೋಕೆ ಹೋಗಿದ್ದೆ, "ಇರ್ರಿ, ಅದಕ್ಕ ಜೀವ ಭಾಳ ಗಟ್ಟಿ" ಅಂತ ಕಸಿದುಕೊಂಡ್ರು.

ನೆಡುವಾಗ ತುಂಡನ್ನ ನೆಟ್ಟಗೆ ಗೂಟದ ಥರ ಚುಚ್ಚಬೇಡಿ, ಓರೆಯಾಗಿ ಮಲಗಿಸಿ ಎರಡು ಮೂರು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ, ತುದಿಯ ಎಲೆ ಹೊರಗೆ. ಗೆಡ್ಡೆ ಕಟ್ಟೋದು ಆ ಗೆಣ್ಣಿನ ಬೇರಲ್ಲೇ. ನೆಲದಲ್ಲಾದ್ರೆ ಬೋದಿಂದ ಬೋದಿಗೆ ಎರಡಡಿ, ಬಳ್ಳಿಯಿಂದ ಬಳ್ಳಿಗೆ ಮುಕ್ಕಾಲು ಅಡಿ. ಸಂಜೆ ಹೊತ್ತು ನೆಡಿ.

ಟೆರೇಸ್ ಬಾಲ್ಕನಿಯವರು ಹದಿನೆಂಟು ಇಂಚಿನ ಗ್ರೋ ಬ್ಯಾಗ್ ತಗೊಳ್ಳಿ, ಅದಕ್ಕೆ ಎರಡು ತುಂಡು ಸಾಕು. ಪೇಂಟಿನ 20 ಲೀಟರ್ ಬಕೆಟ್ಟಿಗೆ ತಳದಲ್ಲಿ ತೂತು ಮಾಡಿ ಒಂದು. ದುರಾಸೆ ಮಾಡಿ ನಾಲ್ಕು ಹಾಕಿದ್ರೆ ಬೆರಳು ಗಾತ್ರದ್ದು ಇಪ್ಪತ್ತು ಸಿಗುತ್ತೆ, ಸಿಪ್ಪೆ ತೆಗೆಯೋರ ಶಾಪ ಬೇರೆ. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಬಾಲ್ಕನಿಯಲ್ಲಿ ಗೆಡ್ಡೆ ಆಸೆ ಬಿಟ್ಟು ಸೊಪ್ಪಿಗೆ ಅಂತ ಹಾಕಿ. ಮಣ್ಣು ಸಡಿಲ ಇರ್ಬೇಕು, ಕೈ ಹಾಕಿದ್ರೆ ಮೊಣಕೈವರೆಗೂ ಇಳೀಬೇಕು ಅನ್ನೋ ಹಾಗೆ. ನಾನು ಅರ್ಧ ಕೆಂಪು ಮಣ್ಣು, ಕಾಲು ಭಾಗ ಮರಳು, ಕಾಲು ಭಾಗ ಹಳೇ ಕಾಂಪೋಸ್ಟ್ ಹಾಕ್ತೀನಿ, ಹಸಿ ಸಗಣಿ ಇಲ್ಲ, ಯೂರಿಯಾ ಅಂತೂ ಮುಟ್ಟಲ್ಲ. ಗೆಣಸಿಗೆ ಬೇಕಿರೋದು ಪೊಟ್ಯಾಶ್, ಅದಕ್ಕೆ ಒಂದು ಹಿಡಿ ಕಟ್ಟಿಗೆ ಬೂದಿ. ಮುಂಬೈಯಲ್ಲಿ ಬೂದಿ ಎಲ್ಲಿಂದ ತರೋದು ಅಂದ್ರೆ ಕೆಳಗಡೆ ಇಸ್ತ್ರಿ ಮಾಡೋರ ಹತ್ರ ಕೇಳಿ, ಆದ್ರೆ ಕಟ್ಟಿಗೆ ಇದ್ದಲಿನದ್ದಾ ಕಲ್ಲಿದ್ದಲಿನದ್ದಾ ಅಂತ ವಿಚಾರಿಸಿ, ಕಲ್ಲಿದ್ದಲಿನ ಬೂದಿ ತಿನ್ನೋ ಗಿಡಕ್ಕೆ ಬೇಡ.

ಮೊದಲ ಹತ್ತು ದಿನ ಮಳೆ ಇಲ್ದಿದ್ರೆ ದಿನ ಬಿಟ್ಟು ದಿನ ನೀರು. ಆಮೇಲೆ ನೆಲದಲ್ಲಿ ವಾರಕ್ಕೊಂದ್ಸಲ ಸಾಕು, ಬ್ಯಾಗಲ್ಲಿ ಎರಡು ಮೂರು ದಿನಕ್ಕೊಮ್ಮೆ ಬೆರಳು ಇಳಿಸಿ ನೋಡಿ ಹಾಕಿ. ಮೊದಲ ಒಂದೂವರೆ ತಿಂಗಳು ಕಳೆ ಬೆಳೆಯೋಕೆ ಬಿಡಬೇಡಿ, ಆಮೇಲೆ ಬಳ್ಳಿ ತಾನೇ ನೆಲ ಮುಚ್ಚಿ ಕಳೆನ ಹೊಸಕಿ ಹಾಕುತ್ತೆ. ನೆಲದಲ್ಲಿ ಹಬ್ಬಿದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತೆ, ಮಳೆ ಇರೋವಾಗ ಒಂದೆರಡು ಸಲ ಮೆಲ್ಲಗೆ ಎತ್ತಿ ಬೋದಿನ ಮೇಲೆ ತಿರುವಿ ಹಾಕಿ, ಎಳೆದು ಹರಿಯೋ ಅಗತ್ಯ ಇಲ್ಲ. ಚಿಗುರು ಸೊಪ್ಪು ಅಲ್ಲೊಂದು ಇಲ್ಲೊಂದು ಕಿತ್ತು ಬಸ್ಸಾರಿಗೆ ಹಾಕ್ಕೊಳ್ಳಿ, ಚೆನ್ನಾಗಿರುತ್ತೆ, ಆದ್ರೆ ಬೋಳಿಸ್ಬೇಡಿ.

ಮೂತಿ ಹುಳ. ಇದೊಂದಕ್ಕೆ ಮಾತ್ರ ಹೆದರಿ. ದೊಡ್ಡ ಇರುವೆ ಥರ ಕಾಣುತ್ತೆ, ನೀಲಿಗಪ್ಪು ಮೈ, ನಡುವೆ ಕೆಂಪು, ಮುಂದೆ ಸಣ್ಣ ಸೊಂಡಿಲು. ಬಳ್ಳಿ ಬುಡದಲ್ಲೂ ಗೆಡ್ಡೆಯಲ್ಲೂ ಮೊಟ್ಟೆ ಇಡುತ್ತೆ, ಮರಿ ಒಳಗೆ ಸುರಂಗ ಕೊರೆಯುತ್ತೆ, ಗೆಡ್ಡೆ ತನ್ನನ್ನ ಕಾಪಾಡ್ಕೊಳ್ಳೋಕೆ ಕಹಿ ಪದಾರ್ಥ ತುಂಬ್ಕೊಳ್ಳುತ್ತೆ, ಸ್ವಲ್ಪ ಭಾಗ ಹಾಳಾಗಿದ್ರೂ ಸುತ್ತಲಿದ್ದೂ ಕಹಿ. ಅಂಥದ್ದು ಬೀದಿ ಹಸುಗೂ ಹಾಕಬೇಡಿ, ಅವಕ್ಕೆ ಶ್ವಾಸಕೋಶದ ತೊಂದರೆ ಬರುತ್ತೆ. ಹುಳಕ್ಕೆ ಮಣ್ಣು ಅಗೆಯೋಕೆ ಬರಲ್ಲ, ಬಿರುಕಿನ ದಾರೀಲೇ ಗೆಡ್ಡೆಗೆ ಇಳಿಯೋದು, ಅದಕ್ಕೇ ಒಣ ಬೇಸಿಗೆ ಬೆಳೆಯಲ್ಲಿ ಇದರ ಕಾಟ ಜಾಸ್ತಿ ಅಂದಿದ್ದು. ನೆಟ್ಟು ಒಂದು ತಿಂಗಳಿಗೆ ಒಂದು ಸಲ, ಎರಡು ತಿಂಗಳಿಗೆ ಇನ್ನೊಂದು ಸಲ ಬುಡಕ್ಕೆ ಮಣ್ಣು ಏರಿಸಿ, ಗೆಡ್ಡೆಯ ಭುಜ ಎಲ್ಲೂ ಹೊರಗೆ ಕಾಣಬಾರದು. ನನ್ನ ಬ್ಯಾಗಲ್ಲಿ ಮಣ್ಣು ಕೂತು ಒಂದು ಗೆಡ್ಡೆ ತಲೆ ತೋರಿಸಿತ್ತು, ಆ ಒಂದರಲ್ಲಿ ಮಾತ್ರ ಸೂಜಿ ಚುಚ್ಚಿದ ಹಾಗೆ ಏಳು ತೂತು ಇದ್ವು, ಮಿಕ್ಕಿದ್ದು ಕ್ಲೀನ್. ಜಾಸ್ತಿ ಜಾಗದಲ್ಲಿ ಬೆಳೆಯೋರಿಗೆ ಗಂಡು ಹುಳ ಹಿಡಿಯೋ ಮೋಹಕ ಬಲೆ ಸಿಗುತ್ತೆ. ಒಂದೇ ಜಾಗದಲ್ಲಿ ವರ್ಷ ವರ್ಷ ಗೆಣಸೇ ಹಾಕ್ಬೇಡಿ, ಬ್ಯಾಗಾದ್ರೆ ಮಣ್ಣು ಬದಲಾಯಿಸಿ.

ನೂರು ದಿನ ದಾಟಿದ್ಮೇಲೆ ಕೆಳಗಿನ ಎಲೆ ಹಳದಿ ಆಗೋಕೆ ಶುರು ಆಗುತ್ತೆ. ಕೀಳೋ ಎರಡು ಮೂರು ವಾರ ಮುಂಚೆ ನೀರು ನಿಲ್ಲಿಸಿ, ನೆಲ ತೀರಾ ಗಟ್ಟಿ ಇದ್ರೆ ಎರಡು ದಿನ ಮುಂಚೆ ಒಂದು ಸಲ ಹಾಕಿ ಮೆತ್ತಗೆ ಮಾಡ್ಕೊಳ್ಳಿ. ಬಲಿತಿದೆಯೋ ಇಲ್ವೋ ಅನ್ನೋಕೆ ಒಂದು ಪರೀಕ್ಷೆ ಇದೆ. ಬುಡದ ಪಕ್ಕ ಕೈ ಹಾಕಿ ಒಂದು ಗೆಡ್ಡೆ ಕಿತ್ತು ಚಾಕುವಿಂದ ಅಡ್ಡ ಕೊಯ್ದು ಇಡಿ, ಹಾಲು ಒಸರುತ್ತೆ, ಅದು ಒಣಗೋವರೆಗೆ ಕಾಯಿರಿ. ಒಣಗಿದ ಮೇಲೆ ಕೊಯ್ದ ಮುಖ ಬೆಳ್ಳಗೇ ಉಳಿದ್ರೆ ಬಲಿತಿದೆ, ಹಸಿರುಗಪ್ಪಾಗಿ ತಿರುಗಿದ್ರೆ ಇನ್ನೊಂದಿಷ್ಟು ದಿನ ಬಿಡಿ. ಉತ್ತರೆಗೆ ಹಾಕಿದ ಮೊದಲನೇ ವರ್ಷ ಡಿಸೆಂಬರ್ 20ಕ್ಕೆ ತಡೆಯೋಕಾಗ್ದೆ ಒಂದು ಕೊಯ್ದೆ, ಹತ್ತು ನಿಮಿಷದಲ್ಲಿ ಅಂಚೆಲ್ಲ ಕಪ್ಪು. ಜನವರಿ 6ಕ್ಕೆ ಮತ್ತೊಂದು ಕೊಯ್ದು ಕಿಟಕಿ ಮೇಲಿಟ್ಟು ಚಹಾ ಕುಡಿದು ಬಂದು ನೋಡಿದ್ರೆ ಬಿಳೀ ಪುಡಿ ಹಚ್ಚಿದ ಹಾಗೆ ಇತ್ತು, ಮಾರನೇ ದಿನ ಬ್ಯಾಗ್ ಮಗುಚಿದ್ವಿ. ಒಂದು ಬ್ಯಾಗಿಗೆ ಒಂದೂಕಾಲು ಕೆಜಿ ಬಂತು, ಐದು ಬ್ಯಾಗು. ದೊಡ್ಡ ಸಾಧನೆ ಏನಲ್ಲ, ಆದ್ರೆ ಪೆನ್ಸಿಲ್ ಬೇರಿಂದ ಇಲ್ಲಿಗೆ ಬಂದಿದ್ದೆ.

ಕಿತ್ತಿದ್ದನ್ನ ತೊಳೀಬೇಡಿ, ಸಿಪ್ಪೆ ತುಂಬಾ ತೆಳು, ಉಜ್ಜಿದ್ರೆ ಗಾಯ ಆಗಿ ಕೊಳೆಯುತ್ತೆ. ಮಣ್ಣು ಕೊಡವಿ ನೆರಳಲ್ಲಿ ಗಾಳಿ ಆಡೋ ಕಡೆ ಹರಡಿ ಮೇಲೆ ಗೋಣಿಚೀಲ ಹೊದಿಸಿ ಒಂದು ವಾರ ಬಿಡಿ. 30 ಡಿಗ್ರಿ ಸೆಖೆ ಮತ್ತೆ ತೇವದ ಗಾಳಿ ಇದಕ್ಕೆ ಬೇಕಾಗಿರೋದು, ಚಳಿ ದೇಶದಲ್ಲಿ ಇದಕ್ಕೆ ಹೀಟರ್ ಹಾಕಿದ ರೂಮ್ ಮಾಡ್ತಾರಂತೆ, ಮುಂಬೈ ಅದನ್ನ ಪುಕ್ಕಟೆ ಕೊಡುತ್ತೆ. ಗಾಯ ಮಾಯುತ್ತೆ, ಒಳಗಿನ ಪಿಷ್ಟ ನಿಧಾನಕ್ಕೆ ಸಕ್ಕರೆ ಆಗುತ್ತೆ. ಕಿತ್ತ ದಿನವೇ ಒಂದು ಬೇಯಿಸಿ ತಿಂದೆ, ಸಪ್ಪೆ ಆಲೂಗಡ್ಡೆ ಥರ ಇತ್ತು, ಅದೇ ರಾಶಿಯಿಂದ ಸಂಕ್ರಾಂತಿ ಬೆಳಿಗ್ಗೆ ಬೇಯಿಸಿದ್ದಕ್ಕೆ ಬೆಲ್ಲ ಬೇಕಾಗಲಿಲ್ಲ. ಫ್ರಿಜ್ಜಿಗೆ ಇಡಬೇಡಿ, 10 ಡಿಗ್ರಿ ಕೆಳಗೆ ಒಳಗಡೆ ಕಲ್ಲಾಗುತ್ತೆ, ಬೆಂದರೂ ನಡುವೆ ಗಟ್ಟಿ ಉಳಿಯುತ್ತೆ. ಬುಟ್ಟಿಯಲ್ಲಿ ಅಡುಗೆಮನೆ ಮೂಲೇಲಿ ಒಂದು ತಿಂಗಳು ಆರಾಮಾಗಿ ಇರುತ್ತೆ.

ಬಳ್ಳಿ ಎಲ್ಲಾ ಕಸಕ್ಕೆ ಹಾಕೋ ಮುಂಚೆ ನಾಲ್ಕು ತುದಿ ಕತ್ತರಿಸಿ ಒಂದು ಬಕೆಟ್ಟಲ್ಲಿ ನೆಟ್ಟು ಅರ್ಧ ನೆರಳಲ್ಲಿ ಇಟ್ಕೊಳ್ಳಿ, ಏಪ್ರಿಲ್ ಮೇ ತಿಂಗಳು ಸಾಯದಷ್ಟು ನೀರು ಹಾಕಿದ್ರೆ ಸಾಕು. ಮುಂದಿನ ಸಲ ಏಕಾದಶಿಗೆ ಗೆಡ್ಡೆ ಹುಡುಕಿ ಮೊಳಕೆ ಬರ್ಸೋ ಕೆಲಸ ಉಳಿಯುತ್ತೆ, ಆಗಸ್ಟ್‌ನಲ್ಲಿ ಅದಕ್ಕೇ ಸ್ವಲ್ಪ ಗೊಬ್ಬರ ಕೊಟ್ರೆ ಉತ್ತರೆ ಹೊತ್ತಿಗೆ ಬೇಕಾದಷ್ಟು ತುಂಡು. ನಮ್ಮ ಬಕೆಟ್ ಈಗ ಬಟ್ಟೆ ಒಣಗಿಸೋ ತಂತಿ ಕೆಳಗಿದೆ, ಒದ್ದೆ ಬಟ್ಟೆಯಿಂದ ತೊಟ್ಟಿಕ್ಕೋ ನೀರಲ್ಲೇ ಬದುಕಿದೆ.